ಖಿನ್ನತೆಗೆ ನೆರವು ಹುಡುಕುವುದು ಹೇಗೆ: ಮೊದಲ ಫೋನಿನಿಂದ ಚಿಕಿತ್ಸೆಯ ಕೊನೆಯವರೆಗೆ

ಎಲ್ಲಕ್ಕಿಂತ ಮೊದಲು ಒಂದು ಮಾತು. ಈಗಲೇ ಬದುಕು ಬೇಡ ಅನ್ನಿಸುತ್ತಿದ್ದರೆ ಈ ಬರಹ ಪೂರ್ತಿ ಓದಬೇಕಾಗಿಲ್ಲ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪ್ರಾಣಕ್ಕೆ ಅಪಾಯ ಆಗಿದ್ದರೆ 108 ಅಥವಾ 112. ಮನೆಯಲ್ಲೋ ಪಕ್ಕದಲ್ಲೋ ಇರುವವರನ್ನು ಕರೆದು "ಇವತ್ತು ನನ್ನ ಜೊತೆ ಇರಿ" ಎಂದಷ್ಟೇ ಹೇಳಿ. ಉಳಿದದ್ದು ಆಮೇಲೆ.

ನನ್ನ ತಮ್ಮನಿಗೆ ಇರುವುದು ಖಿನ್ನತೆ ಎಂದು ಗೊತ್ತಾಗುವ ಹೊತ್ತಿಗೆ ಎರಡು ಸಲ ಎಂಡೋಸ್ಕೋಪಿ ಆಗಿತ್ತು, ಒಂದು ಸ್ಕ್ಯಾನಿಂಗ್ ಆಗಿತ್ತು, ಕೊರಳಿಗೆ ತಾಯತವೂ ಬಂದಿತ್ತು. ಅವನು ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಹೈಸ್ಕೂಲ್ ಗಣಿತದ ಮೇಷ್ಟ್ರು. ಹೊಟ್ಟೆ ಸಂಕಟ, ತಲೆಭಾರ, ನಿದ್ದೆಯಿಲ್ಲ ಅನ್ನುತ್ತಿದ್ದ. ನಾವು ಹೊಟ್ಟೆಗೂ ತಲೆಗೂ ಔಷಧಿ ಕೊಡಿಸುತ್ತಿದ್ದೆವು. ಹೀಗೇ ಹೆಚ್ಚುಕಡಿಮೆ ಒಂದು ವರ್ಷ ಹೋಯಿತು. ಆ ವರ್ಷ ಯಾರಾದರೂ ನನ್ನನ್ನು ಕೂರಿಸಿಕೊಂಡು ಹೇಳಬೇಕಿತ್ತು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ, ಕಾಯಿಲೆಯಾದವನ ಅಕ್ಕ. ಇದು ಯಾವ ಕಾಯಿಲೆ, ಯಾವ ಮಾತ್ರೆ ಎಂದು ಹೇಳಬೇಕಾದವರು ವೈದ್ಯರೇ. ಅವರ ಬಾಗಿಲಿನವರೆಗೆ ಹೋಗುವ ದಾರಿಯಷ್ಟೇ ನಾನು ಹೇಳಬಲ್ಲೆ.

ಆ ದಾರಿ ಎಷ್ಟು ಜನಕ್ಕೆ ಸಿಕ್ಕಿಲ್ಲ ಎಂಬುದಕ್ಕೆ ಒಂದು ಲೆಕ್ಕ ಇದೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಬಗೆಬಗೆಯ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆಯಿಲ್ಲದೆ ಉಳಿದವರು ನೂರಕ್ಕೆ 70ರಿಂದ 92 ಮಂದಿ ಎಂದು ಅದರಲ್ಲಿ ಗೊತ್ತಾಯಿತು.

ಹೆಜ್ಜೆ 1: ಬೇಜಾರೋ, ಖಿನ್ನತೆಯೋ?

ನಮ್ಮ ಕಡೆ ಯಾರೂ "ನನಗೆ ಖಿನ್ನತೆ" ಅನ್ನುವುದಿಲ್ಲ. "ಯಾಕೋ ಬೇಜಾರು", "ಯಾವುದರಲ್ಲೂ ಮನಸ್ಸಿಲ್ಲ", "ಮೈಯೆಲ್ಲ ಸುಸ್ತು", "ಎದೆ ಮೇಲೆ ಕಲ್ಲಿಟ್ಟ ಹಾಗಿದೆ" ಅನ್ನುತ್ತಾರೆ. ದುಃಖ ದೇಹದ ಮಾತಿನಲ್ಲೇ ಹೊರಗೆ ಬರುತ್ತದೆ. ಆದ್ದರಿಂದಲೇ ಎಷ್ಟೋ ಮಂದಿ ಹೊಟ್ಟೆ ಡಾಕ್ಟರ ಹತ್ತಿರ, ನರದ ಡಾಕ್ಟರ ಹತ್ತಿರ ಅಲೆದು ಅಲೆದು ಸೋಲುತ್ತಾರೆ.

ವೈದ್ಯರು ನೋಡುವುದು ಎರಡು ವಾರದ ಲೆಕ್ಕ. ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿರುವುದು, ಮೊದಲು ಇಷ್ಟವಾಗಿದ್ದು ಈಗ ಸಪ್ಪೆ ಅನ್ನಿಸುವುದು: ಇವೆರಡರಲ್ಲಿ ಒಂದಾದರೂ ಎರಡು ವಾರದಿಂದ ಹೆಚ್ಚುಕಡಿಮೆ ದಿನವೂ ಇದೆಯೇ? ಅದರ ಜೊತೆಗೆ ನಿದ್ದೆ, ಹಸಿವು, ಸುಸ್ತು, ಮರೆವು, ನಾನು ಯಾತಕ್ಕೂ ಬಾರದವನು ಎಂಬ ಕೊರಗು, ಸಾವಿನ ಯೋಚನೆ ಸೇರಿಕೊಂಡಿವೆಯೇ? ಕೆಲಸಕ್ಕೆ, ಮನೆಗೆ ತೊಂದರೆಯಾಗುತ್ತಿದೆಯೇ? ಹೌದಾದರೆ ತೋರಿಸಿಕೊಳ್ಳಬೇಕು. ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಸಿಗುತ್ತದೆ, ಉಚಿತ. ಒಟ್ಟು 27 ಅಂಕ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ತಡಮಾಡಬೇಡಿ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಯಾವ ಉತ್ತರ ಬಂದರೂ ಒಟ್ಟು ಅಂಕ ನೋಡುತ್ತ ಕೂರದೆ ಯಾರಿಗಾದರೂ ಹೇಳಿ. ಈ ಪಟ್ಟಿಯಿಂದಲೇ ಕಾಯಿಲೆ ಹೌದೋ ಅಲ್ಲವೋ ಎಂದು ತೀರ್ಮಾನವಾಗುವುದಿಲ್ಲ, ಆದರೆ ವೈದ್ಯರ ಮುಂದೆ ಮಾತು ಶುರುಮಾಡಲು ಒಂದು ಚೀಟಿ ಕೈಯಲ್ಲಿರುತ್ತದೆ.

ಥೈರಾಯ್ಡ್ ಏರುಪೇರು, ರಕ್ತಹೀನತೆ, ಬಿ12 ಕೊರತೆ ಇದ್ದಾಗಲೂ ಸುಸ್ತು, ಮಂಕು ಇರುತ್ತವೆ. ಊರಿನ ಡಾಕ್ಟರ ಹತ್ತಿರ ಒಂದು ಸಲ ರಕ್ತಪರೀಕ್ಷೆ ಮಾಡಿಸಿ, ರಿಪೋರ್ಟ್ ಇಟ್ಟುಕೊಳ್ಳಿ. ಒಂದು ಸಲ ಸಾಕು. ನಮ್ಮ ಹಾಗೆ ವರ್ಷವಿಡೀ ಪರೀಕ್ಷೆಯಲ್ಲೇ ಕಳೆಯಬೇಡಿ.

ಹೆಜ್ಜೆ 2: ಒಬ್ಬರಿಗೆ ಹೇಳಿ

ಇದೇ ಎಲ್ಲಕ್ಕಿಂತ ಕಷ್ಟ. ಬೆಂಗಳೂರಿನ ಕಡೆ ಯಾರಾದರೂ ಸ್ವಲ್ಪ ಬೇರೆ ಥರ ಆಡಿದರೆ "ನಿಮ್ಹಾನ್ಸ್‌ಗೆ ಸೇರಿಸಬೇಕು" ಅನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ "ಧಾರವಾಡಕ್ಕ ಕಳಸಬೇಕು" ಅನ್ನುತ್ತಾರೆ. ಜೀವ ಉಳಿಸುವ ಆಸ್ಪತ್ರೆಗಳ ಹೆಸರನ್ನೇ ಬೈಗುಳ ಮಾಡಿಟ್ಟಿದ್ದೇವೆ. ಅದನ್ನು ಕೇಳಿಕೊಂಡೇ ಬೆಳೆದವರಿಗೆ ಬಾಯಿ ಬಿಡಲು ಹೇಗೆ ಧೈರ್ಯ ಬರಬೇಕು?

ಮನೆಯಲ್ಲಿ ಎಲ್ಲರಿಗೂ ಹೇಳಬೇಕಾಗಿಲ್ಲ. ಒಬ್ಬರನ್ನು ಆರಿಸಿಕೊಳ್ಳಿ. ಹತ್ತಿರದವರೇ ಆಗಬೇಕೆಂದಿಲ್ಲ, ಕೇಳಿಸಿಕೊಳ್ಳುವವರಾದರೆ ಸಾಕು: ಚಿಕ್ಕಮ್ಮ, ಸ್ನೇಹಿತ, ಹಾಸ್ಟೆಲ್ ರೂಮ್‌ಮೇಟ್, ಪರಿಚಯದ ಆಶಾ ಕಾರ್ಯಕರ್ತೆ. ಹೇಳುವಾಗ ಕಾರಣಗಳ ಪಟ್ಟಿ ಕೊಡಲು ಹೋಗಬೇಡಿ. ಕಾರಣ ಹೇಳಿದ ಕೂಡಲೇ ಎದುರಿನವರು "ಅಷ್ಟಕ್ಕೆಲ್ಲ ಯಾಕೆ ಕೊರಗ್ತೀಯ" ಎಂದು ಸಮಾಧಾನಕ್ಕೆ ಇಳಿಯುತ್ತಾರೆ. ಏನಾಗುತ್ತಿದೆ, ಏನು ಬೇಕು, ಎರಡೇ ಹೇಳಿ: "ಒಂದು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ, ಏನೂ ಬೇಡ ಅನ್ನಿಸುತ್ತೆ. ಡಾಕ್ಟರಿಗೆ ತೋರಿಸಬೇಕು, ನೀನು ಜೊತೆಗೆ ಬಾ." ನನ್ನ ತಮ್ಮ ಇಷ್ಟೂ ಹೇಳಲಿಲ್ಲ. ಒಂದು ಭಾನುವಾರ ನಾನು ಅವಲಕ್ಕಿ ತೊಳೆಯುತ್ತಿದ್ದಾಗ ಅಡುಗೆಮನೆ ಬಾಗಿಲಲ್ಲಿ ನಿಂತು, "ನನಗೆ ಹೊಟ್ಟೆದಲ್ಲ ಕಣಕ್ಕ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗಡೆದು" ಅಂದ.

ಯಾರಿಗೂ ಹೇಳಲಾಗದಿದ್ದರೆ ಟೆಲಿ ಮಾನಸ್‌ಗೇ ಮೊದಲು ಹೇಳಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416 ತಾಗದಿದ್ದರೆ 1800-891-4416. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ, ಅಗತ್ಯ ಕಂಡರೆ ತಜ್ಞರಿಗೆ ಜೋಡಿಸುತ್ತಾರೆ. ನಿಮಗೆ ಹತ್ತಿರದಲ್ಲಿ ಯಾವ ಸರ್ಕಾರಿ ಆಸ್ಪತ್ರೆಗೆ ಹೋಗಬಹುದು ಎಂದೂ ಅವರನ್ನೇ ಕೇಳಿ.

ಹೆಜ್ಜೆ 3: ಯಾರು ಯಾವ ಕೆಲಸದವರು

ಇದು ಗೊತ್ತಿಲ್ಲದೆ ದುಡ್ಡೂ ದಿನವೂ ಹೋಗುತ್ತವೆ. ಮನೋವೈದ್ಯರು ಎಂಬಿಬಿಎಸ್ ಓದಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಕಾಯಿಲೆ ಯಾವುದೆಂದು ಗುರುತಿಸಿ ಮಾತ್ರೆ ಬರೆಯುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ, ಮಾತಿನ ಚಿಕಿತ್ಸೆ ಕೊಡುತ್ತಾರೆ. ಎಂಫಿಲ್‌ನಂಥ ವಿಶೇಷ ತರಬೇತಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ಹೆಸರು ನೋಂದಾಯಿಸಿಕೊಂಡಿರುತ್ತಾರೆ. ಆ ನಂಬರ್ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು. ದೊಡ್ಡ ಆಸ್ಪತ್ರೆಗಳಲ್ಲಿ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಇರುತ್ತಾರೆ. ಮನೆಯವರ ಜೊತೆ ಕೂತು ಮಾತಾಡುವುದು, ಸರ್ಕಾರದ ಸವಲತ್ತುಗಳ ದಾರಿ ತೋರಿಸುವುದು ಅವರ ಕೆಲಸ. ಇನ್ನು ಆಪ್ತಸಮಾಲೋಚಕರು. ಎಂಎ, ಎಂಎಸ್‌ಸಿ ಸೈಕಾಲಜಿ ಅಥವಾ ಎಂಎಸ್‌ಡಬ್ಲ್ಯು ಮಾಡಿ ಚೆನ್ನಾಗಿ ಕೆಲಸ ಮಾಡುವವರು ಬಹಳ ಜನ ಇದ್ದಾರೆ. ಆದರೆ ವಾರಾಂತ್ಯದ ಕೋರ್ಸ್ ಮುಗಿಸಿ ಬೋರ್ಡ್ ಹಾಕಿಕೊಂಡವರೂ ಇದ್ದಾರೆ. ಏನು ಓದಿದ್ದಾರೆ ಎಂದು ಕೇಳದೆ ಒಳಗೆ ಕೂರಬೇಡಿ.

ಮೊದಲು ಯಾರ ಹತ್ತಿರ? ಊಟ, ನಿದ್ದೆ ಪೂರ್ತಿ ಕೆಟ್ಟಿದ್ದರೆ, ಸಾಯುವ ಯೋಚನೆ ಇದ್ದರೆ, ಕಿವಿಯಲ್ಲಿ ಇಲ್ಲದ ದನಿ ಕೇಳಿಸುತ್ತಿದ್ದರೆ, ಕುಡಿತ ಸೇರಿಕೊಂಡಿದ್ದರೆ, ಹೆರಿಗೆಯಾಗಿ ಹೆಚ್ಚು ದಿನ ಆಗಿರದಿದ್ದರೆ ನೇರ ಮನೋವೈದ್ಯರ ಹತ್ತಿರ ಹೋಗಿ. ಬಾಣಂತಿಯ ಅಳುವನ್ನು "ಎಲ್ಲರಿಗೂ ಆಗುತ್ತೆ" ಎಂದು ತಳ್ಳಿಹಾಕಬೇಡಿ. ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟುಕೊಂಡು ನೋಡುವ ಪ್ರತ್ಯೇಕ ವಾರ್ಡೇ ಇದೆ. ಲಕ್ಷಣಗಳು ಸಣ್ಣ ಪ್ರಮಾಣದಲ್ಲಿದ್ದು, ದಿನದ ಕೆಲಸ ಹೇಗೋ ನಡೆಯುತ್ತಿದ್ದರೆ ಸೈಕಾಲಜಿಸ್ಟ್ ಹತ್ತಿರ ಶುರುಮಾಡಬಹುದು. ಗೊತ್ತಾಗದಿದ್ದರೂ ಮನೋವೈದ್ಯರೇ ಸರಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿಂದ ಮುಂದೆ ಯಾರ ಹತ್ತಿರ ಹೋಗಬೇಕೆಂದು ಅವರೇ ಹೇಳುತ್ತಾರೆ.

ಹೆಜ್ಜೆ 4: ಎಲ್ಲಿಗೆ ಹೋಗುವುದು

ದೊಡ್ಡ ಊರಿಗೇ ಹೋಗಬೇಕೆಂದು ಬಹಳ ಜನ ಅಂದುಕೊಂಡಿದ್ದಾರೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ಮಾನಸಿಕ ಆರೋಗ್ಯ ವಿಭಾಗ ಇದೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ. ಈ ಕಾರ್ಯಕ್ರಮದ ಬೇರು ನಮ್ಮ ಬಳ್ಳಾರಿಯಲ್ಲಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಹಳ್ಳಿಯಲ್ಲೂ ಮಾನಸಿಕ ಕಾಯಿಲೆಗೆ ಮದ್ದು ಕೊಡಬಹುದು ಎಂದು ಮಾಡಿ ತೋರಿಸಿದರು. ಅದೇ ಮಾದರಿಯಾಗಿ 1996ರಲ್ಲಿ ದೇಶದ ಕಾರ್ಯಕ್ರಮವಾಯಿತು. ಈಗ ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ಮಂಗಳವಾರದ ಕ್ಲಿನಿಕ್ ಎಂದೇ ಅದು ಶುರುವಾದದ್ದು. ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ, ಯಾವ ದಿನ ಎಂದು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯರ ಹತ್ತಿರವೋ ಕೇಳಿಕೊಂಡು ಹೋಗಿ.

ಮೆಡಿಕಲ್ ಕಾಲೇಜು ಆಸ್ಪತ್ರೆಗಳು ಇನ್ನೊಂದು ಒಳ್ಳೆಯ ದಾರಿ. ಖರ್ಚು ಕಡಿಮೆ, ಮನೋವೈದ್ಯರು ಒಬ್ಬರಲ್ಲದಿದ್ದರೆ ಇನ್ನೊಬ್ಬರು ಇರುತ್ತಾರೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಯಾವ ಡಾಕ್ಟರ ಚೀಟಿಯೂ ಇಲ್ಲದೆ ನೇರ ಹೋಗಬಹುದು. ಆದರೆ ಬೆಳಗ್ಗೆ ಬೇಗ ಹೋಗಬೇಕು, ಪೂರ್ತಿ ಒಂದು ದಿನ ಅದಕ್ಕೇ ಇಟ್ಟುಕೊಳ್ಳಬೇಕು. ಆಧಾರ್, ಬಿಪಿಎಲ್ ಕಾರ್ಡ್ ಇದ್ದರೆ ಅದು, ಹಳೆಯ ರಿಪೋರ್ಟುಗಳು, ಬುತ್ತಿ, ನೀರು, ಮನೆಯವರೊಬ್ಬರು ಜೊತೆಗಿರಲಿ. ಹೊಸ ರೋಗಿಯನ್ನು ಸಾವಕಾಶವಾಗಿ ಮಾತಾಡಿಸುತ್ತಾರೆ, ಮೊದಲ ದಿನ ಸಂಜೆಯಾಗುವುದುಂಟು.

ಖಾಸಗಿಯಲ್ಲಾದರೆ ಫೀಸು ಊರಿನಿಂದ ಊರಿಗೆ, ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ. ಮಾತಿನ ಚಿಕಿತ್ಸೆ ಒಂದೆರಡು ಭೇಟಿಯಲ್ಲಿ ಮುಗಿಯುವುದಲ್ಲ, ಆದ್ದರಿಂದ ಒಂದು ಸಲದ ಫೀಸನ್ನು ಹನ್ನೆರಡರಿಂದ ಗುಣಿಸಿ ನೋಡಿ ತೀರ್ಮಾನಿಸಿ. ಮಾತ್ರೆಗೆ ಸರ್ಕಾರಿ ಆಸ್ಪತ್ರೆ, ಮಾತಿಗೆ ಖಾಸಗಿ ಎಂದು ಹಂಚಿಕೊಂಡರೂ ನಡೆಯುತ್ತದೆ. ನಾವು ಹಾಗೇ ಮಾಡಿದ್ದು.

ಹೆಜ್ಜೆ 5: ಹೋಗುವ ಮೊದಲು ಫೋನಿನಲ್ಲಿ ಕೇಳಿ

ಇಲ್ಲಿ ನಮ್ಮ ಒಂದು ಕಹಿ ಅನುಭವ ಹೇಳಬೇಕು. ಮೊದಲು ಹೋದ ಆಪ್ತಸಮಾಲೋಚಕರು ಅರ್ಧ ಗಂಟೆಯೂ ಕೇಳಿಸಿಕೊಳ್ಳದೆ "ವಯಸ್ಸಾಗ್ತಾ ಬಂತು, ಮದುವೆ ಮಾಡಿ, ಎಲ್ಲ ಸರಿಹೋಗುತ್ತೆ" ಅಂದರು. ನನ್ನ ತಮ್ಮ ವಾಪಸು ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಮತ್ತೆ ಅವನನ್ನು ಇನ್ನೊಬ್ಬರ ಹತ್ತಿರ ಕರೆದುಕೊಂಡು ಹೋಗಲು ಎರಡು ತಿಂಗಳು ಬೇಕಾಯಿತು. ಆದ್ದರಿಂದ ಮೊದಲೇ ಕೇಳಿ: ಏನು ಓದಿದ್ದೀರಿ, ಎಲ್ಲಿ ನೋಂದಣಿ? ಖಿನ್ನತೆ ಇರುವವರನ್ನು ನೋಡಿ ಅಭ್ಯಾಸ ಇದೆಯೇ, ಯಾವ ರೀತಿಯ ಚಿಕಿತ್ಸೆ? ಒಂದು ಭೇಟಿ ಎಷ್ಟು ಹೊತ್ತು? ಸಾಮಾನ್ಯವಾಗಿ 45 ನಿಮಿಷದಿಂದ ಒಂದು ಗಂಟೆ ಇರುತ್ತದೆ. ಫೀಸು ಎಷ್ಟು, ಬರಲಾಗದಿದ್ದರೆ ಏನು? ಮಾತ್ರೆ ಬೇಕಾದರೆ ಯಾವ ಮನೋವೈದ್ಯರ ಹತ್ತಿರ ಕಳಿಸುತ್ತೀರಿ? "ಮಾತ್ರೆಯೇ ವಿಷ, ನನ್ನ ಹತ್ತಿರ ಬನ್ನಿ ಸಾಕು" ಅನ್ನುವವರನ್ನೂ "ಇಷ್ಟು ದಿನದಲ್ಲಿ ಗ್ಯಾರಂಟಿ" ಅನ್ನುವವರನ್ನೂ ಬಿಟ್ಟುಬಿಡಿ.

ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಕನ್ನಡದಲ್ಲಿ ಮಾತಾಡಬಹುದೇ? ಬೆಂಗಳೂರಿನಲ್ಲಿ ಈ ಪ್ರಶ್ನೆ ಕೇಳಲು ಸಂಕೋಚಪಡುವವರನ್ನು ನೋಡಿದ್ದೇನೆ. ಆಫೀಸಿನ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಅಪ್ಪ ಹೊಡೆದದ್ದು, ಅಮ್ಮ ಸುಮ್ಮನಿದ್ದದ್ದು ನೆನಪಾಗುವುದು ಮನೆಮಾತಿನಲ್ಲೇ. "ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತೆ" ಎಂಬುದನ್ನು ಬೇರೆ ಭಾಷೆಗೆ ತಿರುಗಿಸುವಷ್ಟರಲ್ಲಿ ಅದರ ಅರ್ಧ ಜೀವ ಹೋಗಿರುತ್ತದೆ. ನಿಮ್ಮ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಉರ್ದು ಆಗಿದ್ದರೆ ಆ ಮಾತಿನವರು ಇದ್ದಾರೆಯೇ ಎಂದು ಕೇಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ವಿದೇಶದಲ್ಲಿರುವ ಕನ್ನಡಿಗರು ಊರಿನವರ ಹತ್ತಿರ ಆನ್‌ಲೈನ್‌ನಲ್ಲಿ ಮಾತಾಡಬಹುದು, ಆದರೆ ಮಾತ್ರೆಗೂ ತುರ್ತಿಗೂ ಅಲ್ಲಿನ ವ್ಯವಸ್ಥೆಯೇ ಬೇಕು. ಅಮೆರಿಕದಲ್ಲಿ ತುರ್ತು ಸಹಾಯವಾಣಿ 988ಕ್ಕೆ ಫೋನ್ ಮಾಡಬಹುದು. ಇಂಗ್ಲೆಂಡಿನಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಟಾಕಿಂಗ್ ಥೆರಪಿಗೆ, ಅಂದರೆ ಮಾತಿನ ಚಿಕಿತ್ಸೆಗೆ, ನೀವೇ ಹೆಸರು ಬರೆಸಬಹುದು.

ಹೆಜ್ಜೆ 6: ಮೊದಲ ಭೇಟಿಗೆ ಒಂದು ಹಾಳೆ

ಡಾಕ್ಟರ ಮುಂದೆ ಕೂತ ಕೂಡಲೇ ಬಾಯಿ ಕಟ್ಟುತ್ತದೆ, ಇಲ್ಲವೇ ಅಳು ಬರುತ್ತದೆ, ಹೇಳಬೇಕಾದ್ದು ಮರೆಯುತ್ತದೆ. ಬರೆದುಕೊಂಡು ಹೋಗಿ. ನನ್ನ ತಮ್ಮ ಬರೆದದ್ದು ಹಳೆಯ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ. "ಮೂರೂವರೆಗೆ ಎಚ್ಚರ. ಆಮೇಲೆ ನಿದ್ದೆ ಇಲ್ಲ. ಕಾಫಿ ರುಚಿ ಗೊತ್ತಾಗಲ್ಲ. ಬೋರ್ಡಿನ ಮೇಲೆ ಲೆಕ್ಕ ಬಿಡಿಸ್ತಾ ಮುಂದಿನ ಸಾಲು ಮರೆತುಹೋಗುತ್ತೆ, ಮಕ್ಕಳು ಕಾಯ್ತಾ ಇರ್ತಾರೆ." ಎಲ್ಲಕ್ಕಿಂತ ಕೆಳಗೆ, ಸಣ್ಣಕ್ಷರದಲ್ಲಿ: "ಇರೋದೇ ಬೇಡ ಅನ್ನಿಸಿದ್ದು ಎರಡು ಸಲ." ಜಿಲ್ಲಾ ಆಸ್ಪತ್ರೆಯ ಮನೋವೈದ್ಯೆ ಹಾಳೆಯನ್ನು ಪೂರ್ತಿ ಓದಿ, ಮೇಜಿನ ಮೇಲಿಟ್ಟು, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಮೇಷ್ಟ್ರೇ, ಮೊದಲು ಇದನ್ನ ಹೇಳಿ" ಅಂದರು. ಹನ್ನೊಂದು ತಿಂಗಳಲ್ಲಿ ಅದನ್ನು ಕೇಳಿದ ಮೊದಲನೆಯವರು ಅವರು.

ಹಾಳೆಯಲ್ಲಿ ಇವಿಷ್ಟು ಇರಲಿ: ಯಾವಾಗಿನಿಂದ, ಏನೇನು. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿ, ಆಯುರ್ವೇದದ್ದೂ ಸೇರಿ. ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ, ಯಾರಾದರೂ ಆತ್ಮಹತ್ಯೆ ಮಾಡಿಕೊಂಡಿದ್ದರೇ. ಕುಡಿತ, ತಂಬಾಕು ಎಷ್ಟು. ಇಲ್ಲಿ ಸುಳ್ಳು ಹೇಳಬೇಡಿ. ಗರ್ಭಿಣಿಯೇ, ಎದೆಹಾಲು ಕುಡಿಸುತ್ತಿದ್ದೀರಾ. ಮತ್ತೊಂದು, ಇದನ್ನು ಬಹಳ ಜನ ಹೇಳುವುದೇ ಇಲ್ಲ: ಹಿಂದೆ ಯಾವಾಗಲಾದರೂ ನಾಲ್ಕಾರು ದಿನ ನಿದ್ದೆಯೇ ಬೇಡವಾಗಿ, ಅತಿ ಹುರುಪು, ಅತಿ ಮಾತು, ಅತಿ ಖರ್ಚು ಆಗಿತ್ತೇ? ಆಗಿದ್ದರೆ ಅದು ಬೈಪೋಲಾರ್ ಇರಬಹುದು, ಅಂದರೆ ಒಮ್ಮೆ ಅತಿ ಹುರುಪು, ಒಮ್ಮೆ ಖಿನ್ನತೆ ಬರುವ ಕಾಯಿಲೆ. ಅದರ ಔಷಧಿಯೇ ಬೇರೆ, ಖಿನ್ನತೆಯ ಮಾತ್ರೆ ಮಾತ್ರ ಕೊಟ್ಟರೆ ಹುರುಪು ಮತ್ತೆ ಕೆರಳಬಹುದು.

ಮನೆಯವರು ಪಕ್ಕದಲ್ಲಿದ್ದರೆ ಹೇಳಲಾಗದ ಮಾತುಗಳಿರುತ್ತವೆ. "ಸ್ವಲ್ಪ ಹೊತ್ತು ಒಬ್ಬನೇ ಮಾತಾಡಬೇಕು" ಎಂದು ಕೇಳಿ. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಏನು ಮಾತಾಡಿದ ಎಂದು ಇವತ್ತಿಗೂ ಕೇಳಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ನಿಮ್ಮ ವಿಷಯವನ್ನು ಗುಟ್ಟಾಗಿಡುವುದು ಅವರ ಕರ್ತವ್ಯ. ಜೀವಕ್ಕೆ ಅಪಾಯ ಇದ್ದಾಗ, ಕೋರ್ಟಿನ ಆದೇಶ ಇದ್ದಾಗ, ಹೀಗೆ ಕೆಲವು ಸಂದರ್ಭಗಳಲ್ಲಷ್ಟೇ ಅದಕ್ಕೆ ವಿನಾಯಿತಿ ಇರುತ್ತದೆ.

ಹೆಜ್ಜೆ 7: ಮಾತ್ರೆ ಬರೆದುಕೊಟ್ಟರೆ

ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣಕ್ಕೆ ಇನ್ನೂ ಹೆಚ್ಚು. ಆದರೆ ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆ ಮೊದಲ ವಾರದಲ್ಲೇ ಬರಬಹುದು. ಹೀಗಾಗಿ "ಇದರಿಂದ ಇನ್ನೂ ಹೆಚ್ಚಾಯಿತು" ಎಂದು ಬಿಟ್ಟುಬಿಡುವವರು ಬಹಳ ಜನ ಇದ್ದಾರೆ. ನಾಲ್ಕನೇ ದಿನ ನನ್ನ ತಮ್ಮನೂ ಮಾತ್ರೆಯ ಪಟ್ಟಿಯನ್ನು ಕಿಟಕಿಯ ಮೇಲಿಟ್ಟು ಬೇಡ ಅಂದ. ಆಸ್ಪತ್ರೆಗೆ ಫೋನ್ ಮಾಡಿದೆವು, ಊಟದ ನಂತರ ತೆಗೆದುಕೊಳ್ಳಲು ಹೇಳಿದರು. ಹತ್ತು ದಿನದಲ್ಲಿ ತೊಳಸುವುದು ನಿಂತಿತು. 25 ವರ್ಷದೊಳಗಿನವರಲ್ಲಿ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಾಗುವ ಸಾಧ್ಯತೆ ಇದೆ. ಯಾರಾದರೂ ಜೊತೆಗಿದ್ದು ಗಮನಿಸಬೇಕು, ಹಾಗೇನಾದರೂ ಕಂಡರೆ ಅವತ್ತೇ ವೈದ್ಯರಿಗೆ ಹೇಳಬೇಕು.

"ಒಂದು ಸಲ ಶುರುಮಾಡಿದರೆ ಜೀವನಪೂರ್ತಿ" ಎಂಬ ಭಯ ಊರೆಲ್ಲ ಇದೆ. ಖಿನ್ನತೆಯ ಮಾತ್ರೆಗಳು ಚಟ ಹತ್ತಿಸುವುದಿಲ್ಲ. ಚಟವಾಗುವ ಅಪಾಯ ಇರುವುದು ಆಲ್ಪ್ರಜೋಲಾಂ, ಕ್ಲೊನಾಜೆಪಾಂ ಥರದ ನಿದ್ದೆ, ಆತಂಕದ ಮಾತ್ರೆಗಳಲ್ಲಿ. ಆ ಚೀಟಿಯನ್ನು ಹಿಡಿದು ತಿಂಗಳುಗಟ್ಟಲೆ ಅಂಗಡಿಯಲ್ಲಿ ತೆಗೆದುಕೊಳ್ಳಬೇಡಿ. ಮೊದಲ ಸಲದ ಖಿನ್ನತೆಯಾದರೆ ಹುಷಾರಾದ ಮೇಲೂ ಆರೆಂಟು ತಿಂಗಳು ಮುಂದುವರಿಸಿ, ಆಮೇಲೆ ಡಾಕ್ಟರೇ ನಿಧಾನವಾಗಿ ಇಳಿಸುತ್ತಾರೆ. ನೀವಾಗಿಯೇ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಬರಬಹುದು, ಕಾಯಿಲೆ ಮರುಕಳಿಸಲೂಬಹುದು.

ಹೆಜ್ಜೆ 8: ಮಾತಿನ ಚಿಕಿತ್ಸೆ ಹಿಡಿಸುತ್ತಿದೆಯೇ?

ಒಳ್ಳೆಯ ಚಿಕಿತ್ಸಕರು ಬುದ್ಧಿವಾದ ಹೇಳುವುದಿಲ್ಲ. ಕೇಳುತ್ತಾರೆ, ಆಮೇಲೆ ಮನೆಗೆ ಸಣ್ಣ ಕೆಲಸ ಕೊಡುತ್ತಾರೆ. ನನ್ನ ತಮ್ಮನಿಗೆ ಕೊಟ್ಟ ಮೊದಲ ಕೆಲಸ ಬೆಳಗ್ಗೆ ಎದ್ದು ಅಂಗಳದ ದಾಸವಾಳದ ಗಿಡಕ್ಕೆ ಒಂದು ಚೊಂಬು ನೀರು ಹಾಕುವುದು, ಹಾಕಿದ ಮೇಲೆ ಮನಸ್ಸು ಹೇಗಿತ್ತು ಎಂದು ಹತ್ತಕ್ಕೆ ಅಂಕ ಬರೆಯುವುದು. ಮನಸ್ಸು ಬಂದ ಮೇಲೆ ಕೆಲಸ ಎಂದು ಕಾಯದೆ, ಕೆಲಸದ ಹಿಂದೆ ಮನಸ್ಸನ್ನು ಎಳೆದು ತರುವ ವಿಧಾನ ಅದು. ಯೋಚನೆಯ, ನಡವಳಿಕೆಯ ರೂಢಿಗಳನ್ನು ಹೀಗೆ ಬದಲಿಸುವ ಸಿಬಿಟಿ ಎಂಬ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ 12ರಿಂದ 20 ಭೇಟಿ ಆಗುತ್ತವೆ.

ಮೂರು ನಾಲ್ಕು ಭೇಟಿ ಆದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇವರ ಮುಂದೆ ಅಳಬಹುದೇ? ಜಾತಿ, ಮದುವೆ, ಸಂಬಂಧ, ದೇವರ ವಿಷಯದಲ್ಲಿ ನನ್ನನ್ನು ತೂಗಿ ನೋಡುತ್ತಿದ್ದಾರೆಯೇ? ಹಿಡಿಸದಿದ್ದರೆ ಹೇಳಿ, ಹೇಳಿಯೂ ಸರಿಹೋಗದಿದ್ದರೆ ಬದಲಾಯಿಸಿ. ಬದಲಾಯಿಸಿದರೆ ಅವರಿಗೆ ಬೇಜಾರಾದೀತು ಎಂದು ಕೂರಬೇಡಿ. ಮೈ ಮುಟ್ಟುವುದು, ಹೊರಗೆ ಸಿಗಲು ಕರೆಯುವುದು, ಸಾಲ ಕೇಳುವುದು ಕಂಡರೆ ಅವತ್ತೇ ಎದ್ದು ಬನ್ನಿ, ದೂರು ಕೊಡಿ.

ಮನೆಯವರಿಗೆ

"ಧೈರ್ಯ ತಗೋ", "ಮನಸ್ಸು ಗಟ್ಟಿ ಮಾಡ್ಕೋ" ಅನ್ನಬೇಡಿ. ಇದ್ದಿದ್ದರೆ ಅವರೇ ತೆಗೆದುಕೊಳ್ಳುತ್ತಿದ್ದರು. ಊಟ ಬಡಿಸಿ, ಜೊತೆಗೆ ಕೂತುಕೊಳ್ಳಿ, ಆಸ್ಪತ್ರೆಯ ತಾರೀಖು ನೆನಪಿಡಿ. ಹರಕೆ, ಪೂಜೆ ನಿಮಗೆ ನೆಮ್ಮದಿ ಕೊಟ್ಟರೆ ಮಾಡಿ, ಮಾತ್ರೆ ಮಾತ್ರ ತಪ್ಪಿಸಬೇಡಿ. "ಸಾಯಬೇಕು ಅನ್ನಿಸುತ್ತಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬಂದುಬಿಡುತ್ತದೆ ಎಂಬುದು ಸುಳ್ಳು, ಎಷ್ಟೋ ಜನಕ್ಕೆ ಆ ಪ್ರಶ್ನೆಯಿಂದಲೇ ಉಸಿರು ಬರುತ್ತದೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಬೀಗದೊಳಗಿಡಿ, ಇಲ್ಲವೇ ಬೇರೆ ಮನೆಯಲ್ಲಿಡಿ. ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಆಸ್ಪತ್ರೆಗೆ ತಡವಾಗಿ ಕರೆತರುವವರಿದ್ದಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ 2017ರ ಕಾಯಿದೆಯ 115ನೇ ಕಲಂ ಭಾವಿಸುತ್ತದೆ. ಆತ್ಮಹತ್ಯೆಯ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.

ಆರೋಗ್ಯ ವಿಮೆ ಇದ್ದರೆ ಪಾಲಿಸಿ ತೆಗೆದು ನೋಡಿ. ದೇಹದ ಕಾಯಿಲೆಗಿರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಆದರೆ ಎಷ್ಟೋ ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ ದುಡ್ಡು ಕೊಡುತ್ತವೆ, ವಾರವಾರದ ಭೇಟಿಗೆ ಕೊಡುವುದಿಲ್ಲ.

ಕೊನೆಯ ಹೆಜ್ಜೆ: ಮತ್ತೆ ಬಂದರೆ

ಖಿನ್ನತೆ ಒಮ್ಮೆ ಬಂದವರಿಗೆ ಮತ್ತೆ ಬರುವುದುಂಟು. ಹುಷಾರಾಗಿರುವಾಗಲೇ ಚಿಕಿತ್ಸಕರ ಜೊತೆ ಕೂತು, ಬರುವ ಮುನ್ನ ಏನೇನು ಸೂಚನೆ ಕಾಣುತ್ತದೆ, ಆಗ ಯಾರು ಏನು ಮಾಡಬೇಕು ಎಂದು ಬರೆದಿಟ್ಟುಕೊಳ್ಳಿ. ನನ್ನ ತಮ್ಮನ ಹಾಳೆ ಬೀರುವಿನ ಬಾಗಿಲಿನ ಒಳಗಡೆ ಅಂಟಿಸಿದೆ, ಈ ಸಲ ಪೆನ್ನಿನಲ್ಲಿ ಬರೆದಿದ್ದಾನೆ. "ಮೂರು ದಿನ ಶೇವ್ ಮಾಡದಿದ್ದರೆ. ಸ್ಟಾಫ್‌ರೂಮಿನಲ್ಲಿ ಊಟದ ಡಬ್ಬಿ ತೆರೆಯದೆ ವಾಪಸು ತಂದರೆ. ಮೂರೂವರೆಗೆ ಎಚ್ಚರವಾಗುವುದು ಒಂದು ವಾರ ನಡೆದರೆ. ಅಕ್ಕ ಕೇಳಬಹುದು, ನಾನು ಸಿಟ್ಟಾಗುವುದಿಲ್ಲ." ಕೆಳಗೆ ಮನೋವೈದ್ಯೆಯ ಒಪಿಡಿ ದಿನ, ನನ್ನ ನಂಬರ್, 14416.